ರೇಡಿಯೇಟರ್ ತಣ್ಣಗಿದೆ, ಬಾಯ್ಲರ್‌ಗೆ ಏನಾಗಿದೆ?

ನಮ್ಮೂರಲ್ಲಿ ಬಾಯ್ಲರ್ ಅಂದರೆ ಬಚ್ಚಲಮನೆಯ ತಾಮ್ರದ ಬಾಯ್ಲರ್. ತೆಂಗಿನ ಗರಿ, ಚಿಪ್ಪು, ಹಳೇ ಪೇಪರ್ ತುರುಕಿ ಕಡ್ಡಿ ಗೀರಿದರೆ ಆಯಿತು. ಬ್ರಿಟನ್ನಿನ ಮನೆಯಲ್ಲಿ ಬಾಯ್ಲರ್ ಅಂದರೆ ಅಡುಗೆಮನೆಯ ಕಪಾಟಿನೊಳಗೆ ಕೂತಿರುವ ಬಿಳಿ ಪೆಟ್ಟಿಗೆ. ಸ್ನಾನದ ನೀರೂ ಅದರಿಂದಲೇ, ಕೋಣೆಗಳ ರೇಡಿಯೇಟರ್ (ಗೋಡೆಗೆ ಕೂರಿಸಿದ, ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಲೋಹದ ಫಲಕ) ಬಿಸಿಯೂ ಅದರಿಂದಲೇ. ಜನವರಿಯ ಬೆಳಿಗ್ಗೆ ಅದು ನಿಂತುಬಿಟ್ಟರೆ ಮನೆಮಂದಿಯೆಲ್ಲ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಅದರ ಮುಂದೆ ನಿಲ್ಲುತ್ತಾರೆ.

ನಾನು ಎಂಜಿನಿಯರ್ ಅಲ್ಲ, ಇಲ್ಲಿ ಹದಿಮೂರು ಚಳಿಗಾಲ ಕಳೆದ ಮನೆವಾಸಿ ಅಷ್ಟೇ. ಇಷ್ಟು ವರ್ಷದಲ್ಲಿ ಒಂದು ಗೊತ್ತಾಗಿದೆ. ಬಾಯ್ಲರ್‌ನ ಕವರ್ ಬಿಚ್ಚದೆಯೇ, ಕಣ್ಣು, ಕೈ, ಕಿವಿ ಬಳಸಿ ಅರ್ಧಕ್ಕಿಂತ ಜಾಸ್ತಿ ತೊಂದರೆಗಳನ್ನು ಗುರುತಿಸಬಹುದು. ಕೆಲವನ್ನು ನಾವೇ ಸರಿಮಾಡಬಹುದು. ಉಳಿದದ್ದಕ್ಕೆ ಎಂಜಿನಿಯರ್ ಬೇಕು, ಆದರೆ ಏನು ಕೆಟ್ಟಿದೆ ಅನ್ನುವ ಅಂದಾಜು ಇಟ್ಟುಕೊಂಡೇ ಫೋನ್ ಮಾಡಬಹುದು. ಕವರ್ ಮಾತ್ರ ಬಿಚ್ಚಬೇಡಿ. ಎಷ್ಟೋ ಬಾಯ್ಲರ್‌ಗಳಲ್ಲಿ ಆ ಕವರ್ ಬರೀ ಅಂದಕ್ಕೆ ಇರುವುದಲ್ಲ. ಉರಿಯ ಹೊಗೆ ಮನೆಯೊಳಗೆ ಬರದಂತೆ ತಡೆಯುವುದೂ ಅದೇ.

ಮೊದಲು ಮೂಗು

ಗ್ಯಾಸ್ ವಾಸನೆ ಬಂದರೆ ರೋಗ ಪತ್ತೆಹಚ್ಚುವ ಕೆಲಸ ಅಲ್ಲಿಗೇ ಬಿಡಿ. ಲೈಟ್ ಸ್ವಿಚ್ ಮುಟ್ಟಬೇಡಿ, ಬೆಂಕಿ ಹಚ್ಚಬೇಡಿ. ಕಿಟಕಿ ಬಾಗಿಲು ತೆಗೆದು, ಕೈಗೆ ಸುಲಭವಾಗಿ ಸಿಕ್ಕಿದರೆ ಮೀಟರ್ ಪಕ್ಕದ ವಾಲ್ವ್ ಮುಚ್ಚಿ ಹೊರಗೆ ನಡೆಯಿರಿ. ಹೊರಗೆ ನಿಂತು 0800 111 999ಕ್ಕೆ ಫೋನ್ ಮಾಡಿ. ಇದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನ ಗ್ಯಾಸ್ ತುರ್ತು ಸಂಖ್ಯೆ. ಉತ್ತರ ಐರ್ಲೆಂಡಿನಲ್ಲಿ 0800 002 001.

ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೀಟಿಂಗ್ ಹಾಕಿದಾಗ ಮನೆಯವರಿಗೆಲ್ಲ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಹೊರಗೆ ಹೋದ ಕೂಡಲೇ ಕಡಿಮೆಯಾಗುವುದು ಇದ್ದರೆ ಶೀತ, ಜ್ವರ ಅಂದುಕೊಂಡು ಸುಮ್ಮನಿರಬೇಡಿ. ಬಾಯ್ಲರ್ ಆರಿಸಿ, ಹೊರಗೆ ಬಂದು ಅದೇ ಸಂಖ್ಯೆಗೆ ಫೋನ್ ಮಾಡಿ, ವೈದ್ಯರಿಗೂ ತೋರಿಸಿ. ಬಾಯ್ಲರ್ ಇರುವ ಕೋಣೆಯಲ್ಲಿ ಇದನ್ನು ಪತ್ತೆಹಚ್ಚುವ ಒಂದು ಅಲಾರ್ಮ್ ಇರಲಿ. ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಅದನ್ನು ಮಾಲೀಕರೇ ಹಾಕಿಸಿಕೊಡಬೇಕು. 2022ರ ಅಕ್ಟೋಬರ್ 1ರಿಂದ ಇದು ಕಡ್ಡಾಯ.

ಇನ್ನು ಚಳಿಯಲ್ಲಿ ಗೋಡೆಯ ಹೊರಗಿನ ಕೊಳವೆಯಿಂದ ಬೆಳ್ಳಗೆ ಹೊಗೆಯಂತೆ ಬರುತ್ತದಲ್ಲ, ಅದು ನೀರಿನ ಹಬೆ. ಹೊಸದಾಗಿ ಬಂದವರು ಹೆದರಿಕೊಳ್ಳುತ್ತಾರೆ. ಹೆದರುವಂಥದ್ದೇನೂ ಇಲ್ಲ.

ನಿಮ್ಮ ಮನೆಯಲ್ಲಿರುವುದು ಯಾವ ಬಗೆ?

ಬೀರುವಿನಲ್ಲಿ ಬಿಸಿನೀರಿನ ದೊಡ್ಡ ಸಿಲಿಂಡರ್ ಇಲ್ಲ, ಅಟ್ಟದ ಮೇಲೆ ತೊಟ್ಟಿ ಇಲ್ಲ, ನಲ್ಲಿ ತಿರುಗಿಸಿದ ಕೂಡಲೇ ಬಾಯ್ಲರ್ ಉರಿಯುತ್ತದೆ ಅಂದರೆ ಅದು ಕಾಂಬಿ. ಈಗ ಹೆಚ್ಚಿನ ಮನೆಗಳಲ್ಲಿ ಇದೇ. ಸಿಲಿಂಡರ್ ಇದ್ದು ಅಟ್ಟದ ತೊಟ್ಟಿ ಇಲ್ಲದಿದ್ದರೆ ಸಿಸ್ಟಮ್ ಬಾಯ್ಲರ್. ಎರಡೂ ಇದ್ದರೆ ಹಳೇ ಕಾಲದ್ದು. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಕಾಂಬಿಗೆ. ಸಿಲಿಂಡರ್ ಇರುವವರಿಗೆ ಒಂದು ಅನುಕೂಲ ಇದೆ. ಬಾಯ್ಲರ್ ಕೈಕೊಟ್ಟರೂ ಇಮ್ಮರ್ಶನ್ (ಸಿಲಿಂಡರ್ ಒಳಗಿನ ಕರೆಂಟಿನ ಹೀಟರ್) ಸ್ವಿಚ್ ಹಾಕಿ ಸ್ನಾನ ಮಾಡಬಹುದು.

ಮೊದಲು ಪೆದ್ದು ಕಾರಣಗಳನ್ನು ನೋಡಿ

ನಮ್ಮಮ್ಮ ಮೈಸೂರಿನಿಂದ ಬಂದಿದ್ದಾಗ ಮೂರನೇ ದಿನ ಬಾಯ್ಲರ್ ಸತ್ತುಹೋಯಿತು. ಡಿಸ್‌ಪ್ಲೇಯಲ್ಲಿ ಒಂದು ಅಕ್ಷರವೂ ಇಲ್ಲ. ನಾನು ಗಾಬರಿಯಾಗಿ ಎಂಜಿನಿಯರ್ ಕರೆಸಿದೆ. ಆತ ಬಂದು, ಕಪಾಟಿನ ಪಕ್ಕದ ಗೋಡೆಯ ಸ್ವಿಚ್ ಹಾಕಿ, ಬಿಲ್ ಕೊಟ್ಟು ಹೋದ. ಅಮ್ಮ ಮುಗ್ಧವಾಗಿ, "ಸ್ನಾನ ಆಯ್ತಲ್ಲ, ಗೀಸರ್ ಸ್ವಿಚ್ ಆರಿಸಿದೆ ಕಣೋ" ಅಂದರು. ನಲವತ್ತು ವರ್ಷದ ಅಭ್ಯಾಸ, ಅವರನ್ನೇನು ಅನ್ನುವುದು? ಆವತ್ತೇ ಆ ಸ್ವಿಚ್ ಮೇಲೆ "ಆರಿಸಬೇಡಿ" ಅಂತ ಕನ್ನಡದಲ್ಲಿ ಚೀಟಿ ಅಂಟಿಸಿದೆ.

ಹಾಗಾಗಿ ಈ ಕ್ರಮದಲ್ಲಿ ನೋಡಿ. ಬಾಯ್ಲರ್ ಪಕ್ಕದ ಸ್ವಿಚ್ ಹಾಕಿದೆಯೇ? ಅದರಲ್ಲಿ ಸಣ್ಣದೊಂದು ಫ್ಯೂಸ್ ಇರುತ್ತದೆ, ಸಾಮಾನ್ಯವಾಗಿ 3 ಆಂಪಿಯರ್‌ನದ್ದು. ಮನೆಯ ಫ್ಯೂಸ್ ಬಾಕ್ಸಿನಲ್ಲಿ ಯಾವುದಾದರೂ ಸ್ವಿಚ್ ಕೆಳಗೆ ಬಿದ್ದಿದೆಯೇ? ಗೋಡೆಯ ಥರ್ಮೋಸ್ಟಾಟ್‌ನ ಬ್ಯಾಟರಿ ಸತ್ತಿದೆಯೇ? ಥರ್ಮೋಸ್ಟಾಟ್ 16ಕ್ಕೆ ಇದ್ದು ಕೋಣೆ 18 ಡಿಗ್ರಿ ಇದ್ದರೆ ಬಾಯ್ಲರ್ ಹೊತ್ತಿಕೊಳ್ಳುವುದೇ ಇಲ್ಲ. ಅದರ ತಪ್ಪೇನಿಲ್ಲ. ಪರೀಕ್ಷೆಗಾಗಿ 25ಕ್ಕೆ ಏರಿಸಿ ಒಂದೆರಡು ನಿಮಿಷ ಕಾಯಿರಿ. ಟೈಮರ್‌ನ ಗಡಿಯಾರವನ್ನೂ ನೋಡಿ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ ಗಂಟೆ ಬದಲಾಗುತ್ತದೆ. ಹಳೇ ಟೈಮರ್‌ಗಳಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ.

ಕೊನೆಗೆ ಗ್ಯಾಸ್. ಅಡುಗೆ ಒಲೆ ಗ್ಯಾಸಿನದ್ದಾದರೆ ಒಮ್ಮೆ ಹಚ್ಚಿ ನೋಡಿ. ಹೊತ್ತಿಕೊಳ್ಳದಿದ್ದರೆ ತೊಂದರೆ ಬಾಯ್ಲರ್‌ನದ್ದಲ್ಲ, ಗ್ಯಾಸ್ ಬರುತ್ತಿಲ್ಲ. ಮುಂಗಡ ದುಡ್ಡು ಹಾಕುವ ಮೀಟರ್ ಇರುವವರು ಹಾಕಿದ ದುಡ್ಡು ಎಷ್ಟು ಉಳಿದಿದೆ ನೋಡಿಕೊಳ್ಳಿ.

ನಲ್ಲಿ ತಿರುಗಿಸಿ ನೋಡಿ

ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಬರೀ ಬಿಸಿನೀರಿನ ನಲ್ಲಿಯಿಂದ ಕಾಂಬಿಯ ಅರ್ಧ ಜಾತಕ ಓದಬಹುದು.

ಬಿಸಿನೀರು ಚೆನ್ನಾಗಿ ಬರುತ್ತಿದೆ, ರೇಡಿಯೇಟರ್ ಮಾತ್ರ ತಣ್ಣಗಿದೆ ಅಂತಿಟ್ಟುಕೊಳ್ಳಿ. ಅಂದರೆ ಗ್ಯಾಸ್ ಬರುತ್ತಿದೆ, ಉರಿ ಹೊತ್ತುತ್ತಿದೆ, ಒಳಗಿನ ಪಂಪ್ ತಿರುಗುತ್ತಿದೆ. ಇಷ್ಟೂ ಸರಿ ಇರುವುದರಿಂದಲೇ ನಲ್ಲಿಯಲ್ಲಿ ಬಿಸಿನೀರು ಬರುವುದು. ಉಳಿದದ್ದು ಎರಡೇ. ಒಂದೋ ಥರ್ಮೋಸ್ಟಾಟ್ ಅಥವಾ ಟೈಮರ್ ಬಾಯ್ಲರ್‌ಗೆ ಹೇಳುತ್ತಿಲ್ಲ, ಇಲ್ಲವೇ ಡೈವರ್ಟರ್ ವಾಲ್ವ್ ಸಿಕ್ಕಿಹಾಕಿಕೊಂಡಿದೆ. ಗದ್ದೆಯ ಕಾಲುವೆಯಲ್ಲಿ ಮಡೆ ತಿರುಗಿಸಿ ನೀರನ್ನು ಈ ಗದ್ದೆಗೋ ಆ ಗದ್ದೆಗೋ ಬಿಡುತ್ತೇವಲ್ಲ, ಡೈವರ್ಟರ್ ಮಾಡುವ ಕೆಲಸವೂ ಅದೇ. ಕಾದ ನೀರನ್ನು ರೇಡಿಯೇಟರ್ ಕಡೆಗೋ ನಲ್ಲಿ ನೀರು ಕಾಯಿಸುವ ಕಡೆಗೋ ತಿರುಗಿಸುತ್ತದೆ.

ಬೇಸಿಗೆಯಲ್ಲಿ ಹೀಟಿಂಗ್ ಆರಿಸಿರುವಾಗ, ಪಾತ್ರೆ ತೊಳೆಯಲು ಬಿಸಿನೀರು ಬಿಟ್ಟರೆ ರೇಡಿಯೇಟರ್ ಬೆಚ್ಚಗಾಗುತ್ತದೆಯೇ? ಅದೂ ಡೈವರ್ಟರ್‌ನದ್ದೇ ಕೆಲಸ. ಪೂರ್ತಿ ಮುಚ್ಚುತ್ತಿಲ್ಲ. ಇದನ್ನು ಜುಲೈನಲ್ಲೇ ಗಮನಿಸಿದರೆ ನವೆಂಬರ್‌ನಲ್ಲಿ ಎಂಜಿನಿಯರ್‌ಗಾಗಿ ಕಾಯುವುದು ತಪ್ಪುತ್ತದೆ.

ಈಗ ಉಲ್ಟಾ. ರೇಡಿಯೇಟರ್ ಬಿಸಿ, ನಲ್ಲಿ ನೀರು ಉಗುರು ಬೆಚ್ಚಗೆ. ಮೊದಲು ಬೇರೆ ನಲ್ಲಿಗಳನ್ನು ನೋಡಿ. ಅಡುಗೆಮನೆಯಲ್ಲಿ ಸರಿ ಇದ್ದು ಶವರ್‌ನಲ್ಲಿ ಮಾತ್ರ ತಣ್ಣೀರು ಬಂದರೆ ಕೆಟ್ಟಿರುವುದು ಶವರ್‌ನ ಮಿಕ್ಸರ್. ಎಲ್ಲ ಕಡೆಯೂ ಹೀಗೇ ಇದ್ದರೆ ನಲ್ಲಿಯನ್ನು ಅರ್ಧಕ್ಕೆ ತಿರುಗಿಸಿ ನೀರು ಸಣ್ಣಗೆ ಬಿಡಿ. ಆಗ ಚೆನ್ನಾಗಿ ಕಾದರೆ ಬಾಯ್ಲರ್ ಕೆಟ್ಟಿಲ್ಲ, ಅದರ ಶಕ್ತಿ ಅಷ್ಟೇ. ಚಳಿಗಾಲದಲ್ಲಿ ಕೊಳವೆಯಲ್ಲಿ ಬರುವ ನೀರೇ ಕೊರೆಯುತ್ತಿರುತ್ತದೆ. ಅದನ್ನು ಅಷ್ಟು ವೇಗದಲ್ಲಿ ಕಾಯಿಸಲು ಪಾಪ, ಅದಕ್ಕಾಗುವುದಿಲ್ಲ. ಸಣ್ಣಗೆ ಬಿಟ್ಟರೂ ಕಾಯದಿದ್ದರೆ, ಅಥವಾ ಒಂದು ಕ್ಷಣ ಬಿಸಿ ಒಂದು ಕ್ಷಣ ತಣ್ಣಗೆ ಆಗುತ್ತಿದ್ದರೆ, ನೀರು ಕಾಯುವ ಒಳಗಿನ ತಟ್ಟೆಗಳಲ್ಲಿ ಸುಣ್ಣ ಕಟ್ಟಿರುವ ಸಾಧ್ಯತೆ ಹೆಚ್ಚು. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ನೀರು ಗಡಸು. ನಿಮ್ಮ ಕೆಟಲ್ ಒಳಗೆ ಬೆಳ್ಳಗೆ ಕಟ್ಟಿರುತ್ತದಲ್ಲ, ಬಾಯ್ಲರ್ ಒಳಗೂ ಹಾಗೇ.

ಬಿಸಿನೀರೂ ಇಲ್ಲ, ರೇಡಿಯೇಟರ್ ಬಿಸಿಯೂ ಇಲ್ಲ ಅಂದರೆ ಮುಂದಿನ ಎರಡು ಭಾಗ ಓದಿ.

ಪ್ರೆಶರ್ ಮುಳ್ಳು

ಬಾಯ್ಲರ್ ಮುಂದೆ ಗೇಜ್‌ನಲ್ಲೋ ಡಿಸ್‌ಪ್ಲೇಯಲ್ಲೋ ಒಂದು ಅಂಕಿ ಇರುತ್ತದೆ. ಬಾಯ್ಲರ್, ರೇಡಿಯೇಟರ್‌ಗಳ ಒಳಗಿನ ನೀರಿನ ಒತ್ತಡ ಅದು, ಅಳೆಯುವುದು ಬಾರ್ ಲೆಕ್ಕದಲ್ಲಿ. ಹೀಟಿಂಗ್ ಆರಿ ತಣ್ಣಗಿರುವಾಗ ಅದು 1ರಿಂದ 1.5 ಬಾರ್ ಇರಬೇಕು. ಕಾದಾಗ ಸ್ವಲ್ಪ ಏರುತ್ತದೆ, 2ರವರೆಗೆ ಹೋದರೂ ಚಿಂತೆಯಿಲ್ಲ. ಅರ್ಧ ಬಾರ್‌ಗೆ ಇಳಿದರೆ ಹೆಚ್ಚಿನ ಬಾಯ್ಲರ್‌ಗಳು ತಾವಾಗಿ ನಿಂತುಬಿಡುತ್ತವೆ. ಮನೆಯಲ್ಲಿ ಬಾಯ್ಲರ್ ನಿಲ್ಲುವುದಕ್ಕೆ ತೀರಾ ಸಾಮಾನ್ಯವಾದ ಕಾರಣ ಇದೇ ಇರಬೇಕು. ಸರಿಮಾಡಲು ಎಂಜಿನಿಯರ್ ಬೇಕಿಲ್ಲ.

ಬಾಯ್ಲರ್ ಕೆಳಗೆ ಬಗ್ಗಿ ನೋಡಿ. ಸ್ಟೀಲ್ ಎಳೆ ಹೆಣೆದಂತಿರುವ ಒಂದು ಸಣ್ಣ ಬೆಳ್ಳಿ ಬಣ್ಣದ ಪೈಪ್ ಇರುತ್ತದೆ. ಇದೇ ಫಿಲ್ಲಿಂಗ್ ಲೂಪ್. ಅದರಲ್ಲಿ ಒಂದೋ ಎರಡೋ ವಾಲ್ವ್. ಕೆಲವು ಬಾಯ್ಲರ್‌ಗಳಲ್ಲಿ ಪೈಪ್ ಬದಲು ಪ್ಲಾಸ್ಟಿಕ್ ಕೀ ಅಥವಾ ಎಳೆಯುವ ಲಿವರ್ ಇರುತ್ತದೆ, ಕೈಪಿಡಿ ನೋಡಿಕೊಳ್ಳಿ. ಬಾಯ್ಲರ್ ಆರಿಸಿ ತಣ್ಣಗಾಗಲು ಬಿಡಿ. ಪೈಪಿನ ಎರಡೂ ತುದಿ ಬಿಗಿಯಾಗಿದೆಯೇ ನೋಡಿ. ಒಂದು ವಾಲ್ವ್ ಪೂರ್ತಿ ತೆಗೆಯಿರಿ, ಇನ್ನೊಂದನ್ನು ನಿಧಾನವಾಗಿ ತಿರುಗಿಸಿ. ನೀರು ಸರ್ರನೆ ಹೋಗುವ ಸದ್ದು ಕೇಳಿಸುತ್ತದೆ, ಮುಳ್ಳು ಮೇಲೇರುತ್ತದೆ. 1.2ರ ಹತ್ತಿರ ಬಂದ ಕೂಡಲೇ ಎರಡೂ ವಾಲ್ವ್ ಮುಚ್ಚಿ. ಎರಡೂ! ಒಂದನ್ನು ಮರೆತು ಟೀ ಕುಡಿಯಲು ಹೋದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಆಮೇಲೆ ಬಾಯ್ಲರ್ ಹಾಕಿ, ಬೇಕಾದರೆ ರಿಸೆಟ್ ಒತ್ತಿ.

ಅಕಸ್ಮಾತ್ ಜಾಸ್ತಿಯಾದರೆ ರೇಡಿಯೇಟರ್ ಒಂದರ ಗಾಳಿ ಬಿಡುವ ತಿರುಪಿನಿಂದ ಬೋಗುಣಿಗೆ ಸ್ವಲ್ಪ ನೀರು ಇಳಿಸಿದರೆ ಮುಳ್ಳು ಕೆಳಗಿಳಿಯುತ್ತದೆ.

ವರ್ಷಕ್ಕೆ ಒಂದೆರಡು ಸಲ ನೀರು ತುಂಬಿಸುವುದು ಇದ್ದದ್ದೇ. ವಾರವಾರ ತುಂಬಿಸಬೇಕಾದರೆ ನೀರು ಎಲ್ಲೋ ಹೋಗುತ್ತಿದೆ. ಎಲ್ಲಿ ಅಂತ ಹುಡುಕಲು ಒಂದು ರಾತ್ರಿ ಸಾಕು. ಮಲಗುವ ಮುಂಚೆ ಹೀಟಿಂಗ್ ಪೂರ್ತಿ ಆರಿಸಿ, ತಣ್ಣಗಾದ ಮೇಲೆ ಅಂಕಿ ಬರೆದಿಡಿ. ಬೆಳಿಗ್ಗೆ ಹಾಕುವ ಮೊದಲು ಮತ್ತೆ ನೋಡಿ.

ರಾತ್ರಿ ಆರಿದ್ದಾಗಲೇ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಒಣ ಟಿಶ್ಯೂ ಹಿಡಿದು ಪ್ರತಿ ರೇಡಿಯೇಟರ್‌ನ ಎರಡು ಕಡೆಯ ವಾಲ್ವ್ ಒರೆಸಿ ನೋಡಿ. ಹಸಿರು ಅಥವಾ ಬಿಳಿ ಕಿಲುಬು ಕಟ್ಟಿದ್ದರೆ ಅಲ್ಲಿ ನಿಧಾನವಾಗಿ ನೀರು ಜಿನುಗಿ ಒಣಗುತ್ತಿದೆ ಅಂತ ಅರ್ಥ. ಕೆಳಮಹಡಿಯ ಚಾವಣಿಯಲ್ಲಿ ಕಂದು ಕಲೆ ಇದೆಯೇ ಅಂತಲೂ ನೋಡಿ.

ರಾತ್ರಿ ಇಳಿಯದೆ, ಕಾದಾಗ ಮುಳ್ಳು 3ರ ತನಕ ಹಾರಿ, ತಣ್ಣಗಾದಾಗ ಸೊನ್ನೆಗೆ ಬೀಳುತ್ತದೆಯೇ? ಆಗ ನೋಡಬೇಕಾದ್ದು ಎಕ್ಸ್‌ಪಾನ್ಶನ್ ವೆಸೆಲ್. ಇಡ್ಲಿ ಹಿಟ್ಟು ಉಬ್ಬುತ್ತದೆ ಅಂತ ಪಾತ್ರೆಯಲ್ಲಿ ಜಾಗ ಬಿಡುತ್ತೇವಲ್ಲ, ಹಾಗೆ ಕಾದ ನೀರು ಹಿಗ್ಗಲು ಗಾಳಿ ತುಂಬಿದ ಒಂದು ಡಬ್ಬಿ ಇರುತ್ತದೆ. ಅದರ ಗಾಳಿ ಹೋದರೆ ಹಿಗ್ಗಿದ ನೀರಿಗೆ ಜಾಗ ಇಲ್ಲ. 3 ಬಾರ್ ಆದ ಕೂಡಲೇ ಸೇಫ್ಟಿ ವಾಲ್ವ್ ತೆರೆದು, ಗೋಡೆಯ ಹೊರಗಿನ ತಾಮ್ರದ ಪೈಪಿನಿಂದ ನೀರು ಚೆಲ್ಲುತ್ತದೆ. ಆ ಪೈಪಿನ ತುದಿಗೆ ಒಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಕಟ್ಟಿ ಒಂದು ದಿನ ಬಿಡಿ. ಚೀಲದಲ್ಲಿ ನೀರು ಸಿಕ್ಕಿದರೆ ಗುಮಾನಿ ನಿಜ. ನೋಡಿದ ಮೇಲೆ ಚೀಲ ಬಿಚ್ಚಿಬಿಡಿ. ವೆಸೆಲ್‌ಗೆ ಗಾಳಿ ತುಂಬುವುದು ಎಂಜಿನಿಯರ್ ಕೆಲಸ. ಒಮ್ಮೆ ತೆರೆದ ಸೇಫ್ಟಿ ವಾಲ್ವ್ ಮತ್ತೆ ಸರಿಯಾಗಿ ಮುಚ್ಚದೆ ತೊಟ್ಟಿಕ್ಕುವುದೂ ಉಂಟು, ಅದನ್ನೂ ನೋಡಲು ಹೇಳಿ.

ತಣ್ಣಗಿದ್ದರೂ ಮುಳ್ಳು ತಾನಾಗಿ ಮೇಲೇರುತ್ತಿದ್ದರೆ? ಹೊರಗಿನ ನೀರು ಒಳಗೆ ನುಗ್ಗುತ್ತಿದೆ. ಮೊದಲ ಅನುಮಾನ ಆ ಫಿಲ್ಲಿಂಗ್ ಲೂಪ್‌ನ ವಾಲ್ವ್ ಮೇಲೆಯೇ.

ಹಿಮ ಬಿದ್ದ ಬೆಳಿಗ್ಗೆ

ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಿದೆ. ಬೆಳಿಗ್ಗೆ ಬಾಯ್ಲರ್ ಗೊಳಗೊಳ ಸದ್ದು ಮಾಡಿ ನಿಂತಿದೆ. ಪ್ರೆಶರ್ ಸರಿ ಇದೆ, ಗ್ಯಾಸ್ ಇದೆ. ಇಷ್ಟು ಹೊಂದಿಕೆಯಾದರೆ ನೇರ ಹೊರಗೆ ಹೋಗಿ.

2005ರ ಏಪ್ರಿಲ್‌ನಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರ್‌ಗಳು ಕಂಡೆನ್ಸಿಂಗ್ ಬಗೆಯವೇ ಆಗಿರಬೇಕೆಂಬ ನಿಯಮ ಬಂತು. ಹೊಗೆಯಲ್ಲಿರುವ ಬಿಸಿಯನ್ನೂ ಇವು ಹೀರಿಕೊಳ್ಳುತ್ತವೆ. ಆಗ ಹಬೆ ನೀರಾಗಿ ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗಿನ ಚರಂಡಿಗೆ ಹರಿಯುತ್ತದೆ. ಗೋಡೆಯ ಹೊರಗಿನ ಪೈಪ್ ಸಣ್ಣದಿದ್ದರೆ ಆ ನೀರು ಹೆಪ್ಪುಗಟ್ಟಿ ಬಿರಡೆ ಹಾಕಿದ ಹಾಗಾಗುತ್ತದೆ. ನೀರು ಹಿಂದಕ್ಕೆ ಬಂದು ಬಾಯ್ಲರ್ ನಿಲ್ಲುತ್ತದೆ. 2010ರ ಡಿಸೆಂಬರ್‌ನ ಭಾರೀ ಚಳಿಯಲ್ಲಿ ಬ್ರಿಟನ್ನಿನ ತುಂಬಾ ಬಾಯ್ಲರ್‌ಗಳು ಹೀಗೇ ನಿಂತುಹೋಗಿದ್ದವು.

ಪೈಪ್ ಕೈಗೆಟುಕುವಷ್ಟು ಕೆಳಗಿದ್ದರೆ ಜಗ್‌ನಲ್ಲಿ ಬೆಚ್ಚಗಿನ ನೀರು ತಂದು ಮೇಲಿನಿಂದ ಸುರಿಯಿರಿ. ಕುದಿಯುವ ನೀರು ಬೇಡ, ಪೈಪ್ ಬಿರಿಯುತ್ತದೆ. ಬಿಸಿನೀರಿನ ಚೀಲ ಸುತ್ತಿಟ್ಟರೂ ಆಗುತ್ತದೆ. ತಿರುವುಗಳಲ್ಲಿ ಮತ್ತು ಚರಂಡಿಗೆ ಬೀಳುವ ತುದಿಯಲ್ಲಿ ಹೆಚ್ಚು ಹೊತ್ತು ಸುರಿಯಿರಿ, ಮಂಜು ಕಟ್ಟುವುದು ಅಲ್ಲೇ. ಪೈಪ್ ಎತ್ತರದಲ್ಲಿದ್ದರೆ ಮಂಜಿನ ನೆಲದಲ್ಲಿ ಏಣಿ ಹಾಕುವ ಸಾಹಸ ಬೇಡ. ಸುರಿದ ನೀರು ನೆಲದಲ್ಲಿ ಮತ್ತೆ ಗಟ್ಟಿಯಾಗಿ ಕಾಲು ಜಾರಿಸುತ್ತದೆ, ಉಪ್ಪು ಹಾಕಿ. ಒಳಗೆ ಬಂದು ರಿಸೆಟ್ ಒತ್ತಿ. ಮುಂದಿನ ಚಳಿಗಾಲದೊಳಗೆ ಆ ಪೈಪಿಗೆ ನೀರು ಹೀರದ ಲ್ಯಾಗಿಂಗ್ (ಚಳಿ ತಡೆಯುವ ಹೊದಿಕೆ) ಹಾಕಿಸಿ, ಸಾಧ್ಯವಾದರೆ ದಪ್ಪ ಪೈಪ್ ಮಾಡಿಸಿ.

ರೇಡಿಯೇಟರ್ ಮೇಲೆ ಕೈ ಇಡಿ

ಬಾಯ್ಲರ್ ಉರಿಯುತ್ತಿದೆ, ಮನೆ ಮಾತ್ರ ಬೆಚ್ಚಗಾಗುತ್ತಿಲ್ಲ ಅಂದರೆ ಕೋಣೆ ಕೋಣೆಗೂ ಹೋಗಿ ರೇಡಿಯೇಟರ್ ಮುಟ್ಟಿ ನೋಡಿ. ಜೋಪಾನ, ಸುಡುತ್ತದೆ.

ಮೇಲ್ಭಾಗ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ಒಂದು ಗಂಟೆ ತಣ್ಣಗಾಗಲು ಬಿಡಿ. ಅಂಗಡಿಯಲ್ಲಿ ಸಿಗುವ ಬ್ಲೀಡ್ ಕೀಯನ್ನು ಮೇಲ್ತುದಿಯ ಚೌಕದ ತಿರುಪಿಗೆ ಹಾಕಿ ಎಡಕ್ಕೆ ಅರ್ಧ ಸುತ್ತು ತಿರುಗಿಸಿ. ಕೆಳಗೆ ಬಟ್ಟೆ ಹಿಡಿದಿರಿ. ಬುಸ್ ಎಂದು ಗಾಳಿ ಬರುತ್ತದೆ. ನೀರು ಬಂದ ಕೂಡಲೇ ಮುಚ್ಚಿ. ಕೆಳಮಹಡಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಕೊನೆಗೆ ಪ್ರೆಶರ್ ನೋಡಿ, ಗಾಳಿ ಹೋದಷ್ಟೂ ಅದು ಇಳಿದಿರುತ್ತದೆ.

ಕೆಳಗೆ ತಣ್ಣಗೆ, ಮೇಲೆ ಬಿಸಿ ಇದ್ದರೆ ಗಾಳಿ ಬಿಡಿಸಿ ಪ್ರಯೋಜನ ಇಲ್ಲ. ತಳದಲ್ಲಿ ತುಕ್ಕಿನ ಕಪ್ಪು ಕೆಸರು ಕೂತಿದೆ. ಬ್ಲೀಡ್ ಮಾಡುವಾಗ ಬಂದ ನೀರು ಮಸಿಯಂತಿದ್ದರೆ ಅದೇ ಸಾಕ್ಷಿ. ಇಡೀ ವ್ಯವಸ್ಥೆ ತೊಳೆಸಿ, ತುಕ್ಕು ತಡೆಯುವ ದ್ರಾವಣ ಹಾಕಿಸಿ, ಅಯಸ್ಕಾಂತದ ಫಿಲ್ಟರ್ ಕೂರಿಸಿ. ಖರ್ಚಿನ ಕೆಲಸ ಹೌದು. ಇದನ್ನು ಮಾಡದೆ ಹೊಸ ಬಾಯ್ಲರ್ ಹಾಕಿಸಿದರೆ ಅದರ ಹೊಟ್ಟೆಗೂ ಅದೇ ಕೆಸರು ಹೋಗುತ್ತದೆ.

ಒಂದೇ ಒಂದು ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ, ಅಂಕಿ ಬರೆದ ಅದರ ವಾಲ್ವ್ ನೋಡಿ. ಬೇಸಿಗೆಯಿಡೀ ಮುಚ್ಚಿದ್ದರೆ ಒಳಗಿನ ಪಿನ್ ಅಂಟಿಕೊಳ್ಳುತ್ತದೆ. ಮೇಲಿನ ಪ್ಲಾಸ್ಟಿಕ್ ತಲೆಯನ್ನು ಕೈಯಲ್ಲೇ ತಿರುಗಿಸಿ ತೆಗೆಯಿರಿ. ನಡುವಿನ ಪಿನ್ ಒತ್ತಿದರೆ ಒಳಗೆ ಹೋಗಿ ಹೊರಗೆ ಚಿಮ್ಮಬೇಕು. ಚಿಮ್ಮದಿದ್ದರೆ ಮೆಲ್ಲಗೆ ತಟ್ಟಿ, ಒತ್ತಿ ಬಿಡಿ. ಇಕ್ಕಳದಲ್ಲಿ ಎಳೆಯಬೇಡಿ. ಪಿನ್ ಕಿತ್ತು ಬಂದರೆ ನೀರಿನ ಕಾರಂಜಿ ನೋಡಬೇಕಾಗುತ್ತದೆ.

ಬಾಯ್ಲರ್ ಹತ್ತಿರದ ರೇಡಿಯೇಟರ್‌ಗಳು ಸುಡುತ್ತಿದ್ದು, ದೂರದವು ಬರೀ ಬೆಚ್ಚಗಿದ್ದರೆ ನೀರು ಹಂಚಿಕೆಯಾಗುತ್ತಿಲ್ಲ. ಹತ್ತಿರದವುಗಳ ಇನ್ನೊಂದು ತುದಿಯ ಲಾಕ್‌ಶೀಲ್ಡ್ ವಾಲ್ವನ್ನು ಕಾಲು ಸುತ್ತು ಕಾಲು ಸುತ್ತಾಗಿ ಮುಚ್ಚುತ್ತ ನೋಡಬೇಕು. ಒಂದು ಶನಿವಾರ ಹಿಡಿಯುತ್ತದೆ.

ಸದ್ದು ಮತ್ತು ಕೋಡ್

ಟಕ್ ಟಕ್ ಟಕ್ ಎಂದು ಕಿಡಿ ಹಾರುವ ಸದ್ದು ಬಂದು ಉರಿ ಹೊತ್ತದಿದ್ದರೆ ಗ್ಯಾಸ್ ಅಥವಾ ಕಿಡಿಯ ಭಾಗದ ತೊಂದರೆ. ಕೆಟಲ್ ಕುದಿಯುವಂಥ ಸದ್ದು ಬಂದರೆ ಒಳಗೆ ಸುಣ್ಣವೋ ಕೆಸರೋ ಕಟ್ಟಿದೆ.

ಏನು ತೊಂದರೆ ಅಂತ ಡಿಸ್‌ಪ್ಲೇ ತೋರಿಸುವ ಕೋಡನ್ನು ರಿಸೆಟ್ ಒತ್ತುವ ಮೊದಲೇ ಫೋಟೋ ತೆಗೆಯಿರಿ. ಎಷ್ಟೋ ಜನ ಗಡಿಬಿಡಿಯಲ್ಲಿ ಒತ್ತಿ ಅದನ್ನು ಅಳಿಸಿಬಿಡುತ್ತಾರೆ. ನೀರಿನ ಪ್ರೆಶರ್ ಕಡಿಮೆ ಅಂತ ಹೇಳಲು ವೈಲಂಟ್ ಬಾಯ್ಲರ್‌ಗಳು ಎಫ್22, ಐಡಿಯಲ್‌ನವು ಎಫ್1, ಬ್ಯಾಕ್ಸಿಯವು ಇ119 ತೋರಿಸುತ್ತವೆ. ಉರಿ ಹೊತ್ತಲಿಲ್ಲ ಅನ್ನಲು ವೈಲಂಟ್ ಎಫ್28, ಐಡಿಯಲ್ ಎಲ್2, ಬ್ಯಾಕ್ಸಿ ಇ133, ವೂಸ್ಟರ್ ಬಾಷ್ ಇಎ ಅನ್ನುತ್ತವೆ. ಮಾದರಿಯಿಂದ ಮಾದರಿಗೆ ಬೇರೆ ಇರಬಹುದು, ನಿಮ್ಮ ಕೈಪಿಡಿಯಲ್ಲಿರುವುದೇ ಕೊನೇ ಮಾತು. ಚಳಿಯ ದಿನ ಈ ಎರಡನೇ ಗುಂಪಿನ ಕೋಡ್ ಬಂದರೆ ಮೊದಲು ಹೊರಗಿನ ಪೈಪ್ ನೋಡಿ. ರಿಸೆಟ್ ಎರಡು ಸಲ ಸಾಕು. ಮತ್ತೆ ಮತ್ತೆ ನಿಲ್ಲುತ್ತಿದೆ ಅಂದರೆ ಅದಕ್ಕೆ ಕಾರಣ ಇದೆ.

ಎಂಜಿನಿಯರ್ ಕರೆಯುವಾಗ

"ಬಾಯ್ಲರ್ ಕೆಟ್ಟಿದೆ" ಅಂತ ಮಾತ್ರ ಹೇಳಬೇಡಿ. ಮಾದರಿಯ ಹೆಸರು, ಕೋಡ್, ತಣ್ಣಗಿದ್ದಾಗ ಮತ್ತು ಕಾದಾಗ ಪ್ರೆಶರ್ ಎಷ್ಟು, ನಲ್ಲಿ ಪರೀಕ್ಷೆಯಲ್ಲಿ ಏನಾಯಿತು, ಇಷ್ಟು ಹೇಳಿ. ಡೈವರ್ಟರ್ ಇರಬಹುದು ಅಂತ ಗೊತ್ತಾದರೆ ಬರುವಾಗಲೇ ಆ ಭಾಗ ತರುತ್ತಾರೆ. ಎರಡನೇ ಸಲ ಬಂದದ್ದಕ್ಕೆ ದುಡ್ಡು ಕೊಡುವುದು ಉಳಿಯುತ್ತದೆ.

ಬಂದವರ ಗ್ಯಾಸ್ ಸೇಫ್ ರಿಜಿಸ್ಟರ್ ಗುರುತಿನ ಚೀಟಿ ಕೇಳಿ, ಸಂಕೋಚ ಬೇಡ. 2009ರ ಏಪ್ರಿಲ್ 1ರಂದು ಕಾರ್ಗಿ ಅನ್ನುವ ಹಳೇ ನೋಂದಣಿಯ ಬದಲು ಬಂದ, ಗ್ಯಾಸ್ ಕೆಲಸ ಮಾಡುವವರ ನೋಂದಣಿ ಇದು. ಇನ್ನೂ "ಕಾರ್ಗಿ" ಅನ್ನುವವರು ಹಳೇ ಹೆಸರು ಹೇಳುತ್ತಿದ್ದಾರೆ ಅಷ್ಟೇ. ಚೀಟಿಯ ಹಿಂಭಾಗ ತಿರುಗಿಸಿ ನೋಡಿ. ಅವರಿಗೆ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲಿ ಬರೆದಿರುತ್ತದೆ. ಒಲೆಗೆ ಇದ್ದವರಿಗೆ ಬಾಯ್ಲರ್‌ಗೂ ಇರಬೇಕೆಂದಿಲ್ಲ.

ಕಾಯುವ ಹೊತ್ತಿನಲ್ಲಿ ಚಳಿ ತಡೆಯದೆ ಗ್ಯಾಸ್ ಒಲೆ ಹಚ್ಚಿಟ್ಟುಕೊಂಡು ಕೂರುವುದು, ಬಾರ್ಬೆಕ್ಯೂ ಇದ್ದಿಲನ್ನು ಅಗ್ಗಿಷ್ಟಿಕೆಯಂತೆ ಒಳಗೆ ತರುವುದು ಬೇಡವೇ ಬೇಡ. ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬಿಕೊಳ್ಳುತ್ತದೆ. ಕರೆಂಟಿನ ಹೀಟರ್ ಒಂದು ಇಟ್ಟುಕೊಂಡಿರಿ.

ಬಾಡಿಗೆ ಮನೆಯಲ್ಲಿದ್ದರೆ ಈ ಖರ್ಚು ನಿಮ್ಮದಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಗಳ ಹೀಟಿಂಗ್ ಮತ್ತು ಬಿಸಿನೀರು ಸರಿ ಇಡುವ ಹೊಣೆ ಮಾಲೀಕರದ್ದೇ ಅಂತ 1985ರ ಕಾನೂನು ಹೇಳುತ್ತದೆ. ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, 28 ದಿನದೊಳಗೆ ಅದರ ಪ್ರತಿಯನ್ನು ನಿಮಗೆ ಕೊಡಬೇಕು. ಮಾಲೀಕರಿಗೆ ಫೋನ್ ಮಾಡಿ ಸುಮ್ಮನಾಗಬೇಡಿ. ಕೋಡ್‌ನ ಫೋಟೋ ಜೊತೆ ಇಮೇಲ್ ಕಳಿಸಿ. ಯಾವ ದಿನದಿಂದ ಹೀಟಿಂಗ್ ಇಲ್ಲ, ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದಾರೆಯೇ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.